ಒಂಬತ್ತು ಮಾರು ನೀರು

ನನ್ನ ಸೋದರಮಾವ ಯಜ್ಞನಾರಾಯಣರು ಯಾರನ್ನು ನೋಡಬೇಕಾದರೂ ಬರೇ ಕತ್ತು ತಿರುಗಿಸಿದವರಲ್ಲ. ಸೊಂಟದಿಂದ ಮೇಲಿನ ಇಡೀ ಮೈಯನ್ನು ಒಂದೇ ತುಂಡಾಗಿ, ನಿಧಾನವಾಗಿ ಅತ್ತ ತಿರುಗಿಸಿ, ಎದುರಿನವರ ಮುಖವನ್ನು ತಮ್ಮ ಮೂಗಿನ ನೇರಕ್ಕೆ ತಂದುಕೊಂಡ ಮೇಲೆಯೇ ಮಾತು ಆರಂಭಿಸುತ್ತಿದ್ದರು. ಬಸ್ಸಿನ ಕಂಡಕ್ಟರು ಟಿಕೆಟು ಕೇಳಿದರೂ ಅಷ್ಟೇ, ಮನೆಯ ಬೆಕ್ಕು ಮಿಯಾಂವ್ ಎಂದರೂ ಅಷ್ಟೇ. ಹೊಸಬರು ಇದನ್ನು ಗಾಂಭೀರ್ಯವೆಂದು ಬಗೆದು ತಾವೂ ನೆಟ್ಟಗೆ ನಿಲ್ಲುತ್ತಿದ್ದರು. ಮನೆಯವರಾದ ನಾವು ಹಡಗಿನ ನೌಕರಿ ಕಲಿಸಿದ ಠೀವಿ ಎಂದುಕೊಂಡು ಬೆನ್ನ ಹಿಂದೆ ನಗುತ್ತಿದ್ದೆವು. ಆ ನಗುವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕಾಸರಗೋಡಿನ ಕಡೆಯ ವೈದಿಕ ಮನೆತನದಲ್ಲಿ ಹುಟ್ಟಿದ ಯಜ್ಞಮಾವ ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಮೀನು ಸಮೀಕ್ಷೆಯ ಹಡಗೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಸ್ವಇಚ್ಛೆಯಿಂದ ನಿವೃತ್ತರಾಗಿ, ಸುಮಿತ್ರತ್ತೆ ಗಣಿತದ ಟೀಚರಾಗಿದ್ದ ತಿರುವನಂತಪುರಕ್ಕೆ ಹೋಗಿ ನೆಲೆಸಿದರು. ಹಾಗೆ ನೆಲೆಸಿದವರು ಉಳಿದ ಪಿಂಚಣಿದಾರರಂತೆ ಸಾಯಂಕಾಲ ದೇವಸ್ಥಾನಕ್ಕೋ ವಾಚನಾಲಯಕ್ಕೋ ಹೋಗಿಕೊಂಡಿರಬಹುದಿತ್ತು. ಹೋದದ್ದು ವಿಳಿಞ್ಞಂ ಬಂದರಿಗೆ. ಅಲ್ಲಿನ ಸಿಲುವಯ್ಯನ್ ಎಂಬ ಮೀನುಗಾರನ ಜೊತೆ ಪಾಲಿನಲ್ಲಿ ಒಂದು ಫೈಬರ್ ದೋಣಿ ಕೊಂಡು, ಲಾಬ್‌ಸ್ಟರ್ ಹಿಡಿಯಲು ನಿಂತರು! ಕಡಲೊಳಗಿನ ಬಂಡೆಗಳ ಸಂದಿಯಲ್ಲಿ ಅಡಗುವ, ಉದ್ದ ಮೀಸೆಯ, ದೊಡ್ಡ ದೊಡ್ಡ ಹೋಟೆಲುಗಳ ತಟ್ಟೆಗೆ ಹೋಗಿ ಬೀಳುವ ಆ ಸಿಗಡಿರಾಜನನ್ನು ಅವರು ಜನ್ಮದಲ್ಲಿ ಒಂದು ಚೂರೂ ಬಾಯಿಗಿಟ್ಟವರಲ್ಲ. ದೋಣಿಯಲ್ಲಿ ಅವರ ಊಟ ಸ್ಟೀಲಿನ ಡಬ್ಬಿಯ ಮೊಸರನ್ನ, ನಿಂಬೆ ಉಪ್ಪಿನಕಾಯಿ. ಮನೆಗೆ ಬಂದರೆ ಹಿತ್ತಲ ಬಾವಿಕಟ್ಟೆಯಲ್ಲಿ ತಲೆಗೆ ಹನ್ನೆರಡು ಕೊಡ ನೀರು ಸುರಿದುಕೊಳ್ಳದೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅದು ಸುಮಿತ್ರತ್ತೆಯ ಕಾನೂನು. "ತಿನ್ನದವ ಹಿಡಿಯುವುದೆಂತಕ್ಕೆ ಮಾವ?" ಎಂದು ನಾನೊಮ್ಮೆ ಕೇಳಿದ್ದೆ. "ಕಡಲು ಬೇಕಲ್ಲ ಮಾರಾಯ. ಸುಮ್ಮನೆ ಹೋಗಿ ಕೂತರೆ ಅದು ಮಾತಾಡುವುದಿಲ್ಲ" ಎಂದರು.

ಅವರ ಕೋಟಿನ ವಿಷಯ ಹೇಳದಿದ್ದರೆ ಚಿತ್ರ ಅಪೂರ್ಣ. ಸಮೀಕ್ಷೆಯ ಹಡಗಿನ ಕಾಲದ ಕಡುನೀಲಿ ಕೋಟು, ಐದು ಹಿತ್ತಾಳೆ ಗುಂಡಿಗಳಲ್ಲಿ ಮೂರು ಉಳಿದು, ಉಳಿದೆರಡು ಕಡೆ ಅತ್ತೆ ಶರಟಿನ ಬಿಳಿ ಗುಂಡಿ ಹೊಲಿದದ್ದು. ಏಪ್ರಿಲ್ಲಿನ ಬೆವರಿನಲ್ಲೂ, ಬರಿಗಾಲಿಗೆ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆಯ ಮೇಲೆ, ಆ ಕೋಟು. ದಡದಲ್ಲಿ ಬಲೆ ಬಿಡಿಸುತ್ತ ಕೂತ ಹೆಂಗಸರು ಬಾಯಿಗೆ ಸೆರಗು ಹಿಡಿದರೂ ಅವರಿಗೆ ಪರಿವೆಯಿರಲಿಲ್ಲ. ಆ ಹೆಂಗಸರು ಎಡಬಲದಲ್ಲಿ ಕೂತಿರುತ್ತಿದ್ದುದರಿಂದ ಅವರು ಮಾವನಿಗೆ ಕಾಣುತ್ತಲೇ ಇರಲಿಲ್ಲವೆಂಬುದು ನನಗೆ ತಿಳಿದದ್ದು ಎರಡು ಸಾವಿರದ ಏಳನೆಯ ಇಸವಿಯ ಜನವರಿಯಲ್ಲಿ.

ಆಗ ನಾನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕಚೇರಿಯೊಂದರಲ್ಲಿ, ಹಡಗಿನಿಂದಿಳಿದ ಸರಕಿನ ಕಾಗದಗಳಿಗೆ ಮೊಹರೊತ್ತುವ ಮಹತ್ಕಾರ್ಯದಲ್ಲಿದ್ದೆ. ಮಾವ ಯಾರಿಗೂ ಹೇಳದೆ ರೈಲು ಹತ್ತಿ ಎಡಪ್ಪಳ್ಳಿಯ ನಮ್ಮ ಬಾಡಿಗೆ ಮನೆಗೆ ಬಂದರು. "ಶ್ರೀಪತಿ, ಕಣ್ಣಿಗೆ ಎಂತದೋ ಆಗಿದೆ. ತೋರಿಸುವ" ಎಂದರು. ಎರ್ನಾಕುಲಂನ ಕಣ್ಣಿನ ಡಾಕ್ಟರು ಯಂತ್ರದೆದುರು ಕೂರಿಸಿ, ಬೆಳಕಿನ ಚುಕ್ಕೆಗಳನ್ನು ತೋರಿಸಿ, ಕೊನೆಗೊಂದು ಕಾಗದ ಕೈಗಿತ್ತರು. ಸುತ್ತಲೂ ಕಪ್ಪು, ನಡುವೆ ಒಂದು ಸಣ್ಣ ಬಿಳಿ ಕಿಂಡಿ. ಗ್ಲಾಕೋಮಾ. ಎರಡೂ ಪಕ್ಕದ ದೃಷ್ಟಿ ಹೋಗಿದೆ, ಹೋದದ್ದು ಮರಳುವುದಿಲ್ಲ, ಹನಿ ಹಾಕಿಕೊಂಡರೆ ಉಳಿದದ್ದು ಉಳಿದೀತು, ಇನ್ನು ಮುಂದೆ ವಾಹನ ಓಡಿಸಬಾರದು, ದೋಣಿಯಂತೂ ಕೂಡದು. ಮಾವ ಮೈಯೆಲ್ಲ ತಿರುಗಿಸಿ ಡಾಕ್ಟರನ್ನು ನೋಡಿ, "ಥ್ಯಾಂಕ್ಸ್" ಎಂದು ಎದ್ದರು.

ಹೊರಗೆ ಕಾಫಿ ಕುಡಿಯುತ್ತ ಅವರು ನನ್ನ ಕೈ ಹಿಡಿದುಕೊಂಡರು. ಅವರು ಹಾಗೆ ಕೈ ಹಿಡಿಯುವ ಜಾತಿಯವರಲ್ಲ.

"ಈ ಬೇಸಗೆ ಒಂದು. ಮಳೆಗಾಲದ ಅಲೆ ಏಳುವವರೆಗೆ. ಆಮೇಲೆ ನಾನೇ ಇಳಿಯುತ್ತೇನೆ. ನಿನ್ನತ್ತೆಗೆ ಹೇಳಬೇಡ. ಸಿಲುವಯ್ಯನಿಗಂತೂ ಬೇಡವೇ ಬೇಡ. ಗೊತ್ತಾದರೆ ನನ್ನ ದೋಣಿ ಹತ್ತಲಿಕ್ಕಿಲ್ಲ ಅವ."

"ಹತ್ತಬಾರದು ಅವನು. ನೀವು ಎಲ್ಲಿಗಾದರೂ ಕೊಂಡುಹೋಗಿ ಗುದ್ದಿದರೆ?"

"ಹಡಗಿನ ಇಪ್ಪತ್ತೆರಡು ವರ್ಷದಲ್ಲಿ ಗುದ್ದಲಿಲ್ಲ."

"ಹಾಗಾದರೆ ನಾನೂ ಬರ್ತೇನೆ. ಇಲ್ಲದಿದ್ದರೆ ಈಗಲೇ ಅತ್ತೆಗೆ ಫೋನು."

"ನೀನಾ? ಫೋರ್ಟ್ ಕೊಚ್ಚಿಗೆ ಹೋಗುವ ಫೆರಿಯಲ್ಲೇ ನಿನಗೆ ವಾಂತಿ!"

ಆದರೂ ಹೋದೆ. ಸೊಂಟನೋವಿಗೆ ಕಡಲ ಗಾಳಿ ಒಳ್ಳೆಯದೆಂದು ಯಾವ ಡಾಕ್ಟರೂ ಹೇಳದ ಸುಳ್ಳನ್ನು ಕಚೇರಿಗೂ ಅತ್ತೆಗೂ ಒಪ್ಪಿಸಿ, ಅರ್ಧ ಸಂಬಳದ ರಜೆ ಹಾಕಿ, ಮಾರ್ಚಿಯ ಕೊನೆಗೆ ವಿಳಿಞ್ಞಂನಲ್ಲಿ ಮೂವತ್ತೆಂಟನೆಯ ವಯಸ್ಸಿನಲ್ಲಿ ಕೂಲಿಯಾದೆ. ಮೊದಲ ನಾಲ್ಕು ದಿನ ನಾನು ಕಡಲಿಗೆ ಕೊಟ್ಟದ್ದೇ ಹೆಚ್ಚು, ಅದನ್ನಿಲ್ಲಿ ವರ್ಣಿಸುವುದು ಬೇಡ. ಐದನೆಯ ದಿನ ಹೊಟ್ಟೆ ಸೋತು ಸುಮ್ಮನಾಯಿತು. ತಾಳೆನಾರಿನಿಂದ ಹೆಣೆದ ಹದಿನೆಂಟು ಬೋನುಗಳು. ಒಳಗೆ ಕಟ್ಟಲು ಒಡೆದ ಚಿಪ್ಪಿಮಾಂಸ. ಸಾಯಂಕಾಲ ಇಳಿಬಿಟ್ಟು ಬೆಳಗಿನ ಜಾವ ಎತ್ತುವುದು. ಎತ್ತಿದ ಪ್ರತಿಯೊಂದು ಲಾಬ್‌ಸ್ಟರಿನ ಬಾಲದಡಿ ಮಾವ ಬೆರಳಾಡಿಸುತ್ತಿದ್ದರು. ಮೊಟ್ಟೆಗಳ ಗೊಂಚಲು ತಾಗಿತೋ, "ಬಾಣಂತನಕ್ಕೆ ಹೋಗು ಮಾರಾಯ್ತಿ" ಎಂದು ಮರಳಿ ನೀರಿಗೆ. ಮೊಟ್ಟೆ ಕೆರೆದು ಮಾರುವವರು ಬಂದರಿನಲ್ಲಿ ಎಷ್ಟೋ ಮಂದಿಯಿದ್ದರು. ಸಿಲುವಯ್ಯನ್ ಹೊಟ್ಟೆ ಉರಿದುಕೊಂಡರೂ ತಡೆದದ್ದನ್ನು ಕಾಣೆ.

ಕಡಲಿನ ಮಧ್ಯೆ ಬಂಡೆ ಎಲ್ಲಿದೆಯೆಂದು ತಿಳಿಯುವ ಬಗೆ ಆ ದಡದವರ ತಲೆಮಾರುಗಳ ವಿದ್ಯೆ. ದಡದ ಮೇಲಿನ ಎರಡು ಗುರುತುಗಳು ಒಂದರ ಹಿಂದೊಂದು ಕೂಡಿದರೆ ಒಂದು ಗೆರೆ. ಇನ್ನೊಂದು ಪಕ್ಕದಲ್ಲಿ ಮತ್ತೆರಡು ಕೂಡಿದರೆ ಎರಡನೆಯ ಗೆರೆ. ಗೆರೆಗಳು ಸೇರುವಲ್ಲಿ, ಒಂಬತ್ತು ಮಾರು ನೀರಿನಡಿ, ನಮ್ಮ ಬಂಡೆ. ನಮ್ಮ ಒಂದು ಗೆರೆ ಇಗರ್ಜಿಯ ಶಿಲುಬೆ ಮತ್ತು ಅದರ ಹಿಂದಿನ ಗುಡ್ಡದ ಕೊರಕಲು. ಇನ್ನೊಂದು, ಬಂದರಿನ ಗೋಡೆಯ ತುದಿ ಮತ್ತು ಅದರ ಹಿಂದೆ ಹೊಸದಾಗಿ ಎದ್ದಿದ್ದ ಕೆಂಪು ಬಿಳಿ ಪಟ್ಟೆಯ ಮೊಬೈಲ್ ಟವರು. ಎಲ್ಲರೂ ಕಣ್ಣ ಕೊನೆಯಲ್ಲಿ ಎರಡನ್ನೂ ಹಿಡಿಯುತ್ತಿದ್ದರೆ, ಮಾವ ಎಂಜಿನ್ನಿನ ಹಿಡಿಯ ಬಳಿ ಕೂತು ಮೈಯನ್ನು ಶಿಲುಬೆಯತ್ತ ತಿರುಗಿಸಿ, ಮತ್ತೆ ಟವರಿನತ್ತ ತಿರುಗಿಸಿ, ಮತ್ತೆ ಶಿಲುಬೆಯತ್ತ ತಿರುಗಿಸಿ, ದೇವರ ಪ್ರದಕ್ಷಿಣೆಗೆ ಕೂತಲ್ಲೇ ಹೊರಟವರಂತೆ ಕಾಣುತ್ತಿದ್ದರು.

ನನ್ನ ಕೆಲಸ ಪಕ್ಕದ ಕಣ್ಣಾಗುವುದು. ಆದರೆ ಸಿಲುವಯ್ಯನಿಗೆ ಸಂಶಯ ಬರಬಾರದಲ್ಲ! ಹಾಗಾಗಿ ನಾನು ಪಕ್ಷಿಪ್ರೇಮಿಯಾದೆ. ಬಲಗಡೆಯಿಂದ ದೋಣಿ ಬಂದರೆ, "ಮಾವ, ಅಲ್ಲಿ ನೋಡಿ, ಎಂಥಾ ಚಂದದ ಹಕ್ಕಿ!" ಮಾವ ಬಲಕ್ಕೆ ತಿರುಗುತ್ತಿದ್ದರು, ದೋಣಿ ಕಾಣುತ್ತಿತ್ತು, ಹಿಡಿ ಹೊರಳುತ್ತಿತ್ತು. ಹಕ್ಕಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಸಿಲುವಯ್ಯನಿಗೋ ಬೇರೊಂದು ಚಾಳಿ. ಎದುರು ಸಿಕ್ಕಿದ ದೋಣಿಯವರನ್ನೆಲ್ಲ ಬಯ್ಯುವುದು. "ಸಾರೇ, ಅತು ನೋಕ್ಕಿಯೇ! ಆ ಎಡಗಡೆ ಬರುವವನ ಎಂಜಿನ್ನಿನ ಹೊಗೆ ನೋಡಿ. ಅವನಪ್ಪನೂ ಹೀಗೆಯೇ ಸೋಮಾರಿ." ಎಂಥ ಕಟುಬಾಯಿಯ ಮನುಷ್ಯನಪ್ಪಾ, ಬೆಳಗಾದರೆ ಪರದೂಷಣೆ, ಎಂದು ನಾನು ಒಂದೂವರೆ ತಿಂಗಳು ಬೇಸರಪಟ್ಟೆ. ನನ್ನ ಬುದ್ಧಿಗೆ ಅಷ್ಟೇ ನಿಲುಕಿದ್ದು.

ಮೇ ತಿಂಗಳ ಎರಡನೆಯ ವಾರ ಒಂದು ಸಂಜೆ ಬೋನು ಬಿಡಲು ಹೋದಾಗ ದಡದತ್ತ ನೋಡಿದೆ. ಟವರು ಒಂದಲ್ಲ, ಎರಡು! ಬೇರೆ ಯಾವುದೋ ಕಂಪನಿಯವರು ನೂರು ಮಾರು ಆಚೆಗೆ ಅದೇ ಎತ್ತರದ, ಅದೇ ಕೆಂಪು ಬಿಳಿ ಪಟ್ಟೆಯ ಮತ್ತೊಂದನ್ನು ನಾನು ಗಮನಿಸದ ಹಾಗೆ ಆ ವಾರ ಏರಿಸುತ್ತ ಬಂದು, ಅಂದು ಪೂರ್ತಿ ನಿಲ್ಲಿಸಿಬಿಟ್ಟಿದ್ದರು. ಎರಡು ಕಣ್ಣು ಸರಿಯಿದ್ದ ಯಾರಿಗಾದರೂ ಅವು ಜೋಡಿಯಾಗಿಯೇ ಕಾಣಬೇಕು. ಮಾವ ಮೈ ತಿರುಗಿಸಿದರು, ತಮ್ಮ ಕಿಂಡಿಯಲ್ಲಿ ಮೊದಲು ಸಿಕ್ಕಿದ ಟವರನ್ನು ಹಿಡಿದರು, ಅದನ್ನು ಗೋಡೆಯ ತುದಿಗೆ ಕೂಡಿಸಿದರು, ಎಂಜಿನ್ ನಿಲ್ಲಿಸಿದರು. ಆ ವಾರ ಎದ್ದ ಟವರು ಅದು. ನಾವು ನಿಂತದ್ದು ಬರೀ ಮರಳಿನ ಮೇಲೆ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಾದದ ಮೇಲೆ ಒಂದು ಪಾದ ಭಾರವಾಗಿ ಬಂದು ಕೂತಿತು. ಸಿಲುವಯ್ಯನ್ ನನ್ನ ಮುಖ ನೋಡದೆ, ತುಟಿಯಲ್ಲೇ, "ಮಿಂಡಲ್ಲೇ" ಎಂದ. ಮಾತಾಡಬೇಡ. ಆ ಕ್ಷಣಕ್ಕೆ ನನಗೆ ಅವನ ಒಂದೂವರೆ ತಿಂಗಳ ಬೈಗುಳವೆಲ್ಲ ಅರ್ಥವಾಯಿತು; ನನ್ನ ಹಕ್ಕಿಗಳು ಅವನಿಗೆ ಎಂದೋ ಅರ್ಥವಾಗಿದ್ದವು.

ಪ್ರತಿದಿನದ ಮೊದಲ ಬೋನನ್ನು ಮಾವ ತಮ್ಮ ಕೈಯಾರೆ ಇಳಿಸುವುದು ಪದ್ಧತಿ. ಊರಿನಲ್ಲಿ ಭತ್ತ ಅಳೆಯುವವರಂತೆ ಒಂದು ಎನ್ನುವಲ್ಲಿ "ಲಾಭ" ಎಂದು ಶುರುಮಾಡಿ, ಎರಡು, ಮೂರು ಎಂದು ತೋಳು ಚಾಚಿ ಹಗ್ಗ ಬಿಡುತ್ತಿದ್ದರು. ಆ ಸಂಜೆ ಒಂಬತ್ತಕ್ಕೆ ನಿಲ್ಲಬೇಕಾದ ಹಗ್ಗ ಹನ್ನೆರಡಕ್ಕೆ ನಿಂತಿತು. ಒಂದು ಗಳಿಗೆ ಹುಬ್ಬು ಗಂಟಾಯಿತು. "ಬಂಡೆಯ ತಗ್ಗಿಗೆ ಬಿತ್ತೋ ಏನೋ. ಇರಲಿ" ಎಂದರು. ಉಳಿದ ಹದಿನೇಳನ್ನು ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಇಳಿಸಿದೆವು.

ಮರುದಿನ ಬೆಳಗ್ಗೆ ಬೋನೆಲ್ಲ ಖಾಲಿ ಬರುವುದನ್ನು, ಮಾವನ ಮುಖ ಸಣ್ಣದಾಗುವುದನ್ನು ಹೇಗೆ ನೋಡಲಿ ಎಂದುಕೊಂಡೇ ದೋಣಿ ಹತ್ತಿದೆ. ಮುಂದೆ ನಿಂತ ಸಿಲುವಯ್ಯನ್, "ಇನ್ನೂ ಎಡಕ್ಕೆ ಸಾರೇ, ನಿನ್ನೆ ನೀರಿನ ಸೆಳೆತ ಜೋರಿತ್ತು, ಬೋನಿನ ಗುರುತಿನ ಬೆಂಡು ತೇಲಿ ಅಲ್ಲಿಗೆ ಹೋಗಿದೆ" ಎನ್ನುತ್ತ ದಾರಿ ತೋರಿಸಿದ. ಮೊದಲ ಬೋನಿನ ಹಗ್ಗ ಮಾವನ ಕೈಗೆ ಬಂತು. ಲಾಭ, ಎರಡು, ಮೂರು. ಒಂಬತ್ತಕ್ಕೆ ಬೋನು ನೀರಿನ ಮೇಲೆ ಬಂತು. ಒಳಗೆ ನಾಲ್ಕು ಲಾಬ್‌ಸ್ಟರುಗಳು ಮೀಸೆ ಕುಣಿಸುತ್ತಿದ್ದವು. ಸಿಲುವಯ್ಯನ್ ಜೋರಾಗಿ, ಅಗತ್ಯಕ್ಕಿಂತ ಜೋರಾಗಿ, ಇಗರ್ಜಿಯ ಮಾತೆಯನ್ನು ಸ್ತುತಿಸಿದ.

ಮಾವ ಬೋನನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಹಗ್ಗವನ್ನು ಮತ್ತೊಮ್ಮೆ ಕೈಯಲ್ಲೇ ಅಳೆದರು. ಆಮೇಲೆ ಮೈ ತಿರುಗಿಸಿ ನನ್ನನ್ನು ನೋಡಿದರು.

"ಶ್ರೀಪತಿ, ನಿನ್ನೆ ಸಂಜೆ ಹನ್ನೆರಡು ಮಾರಿಗೆ ಬಿಟ್ಟದ್ದಲ್ಲವಾ? ನಾರಿನ ಬೋನು ತಾನಾಗಿ ಮೂರು ಮಾರು ಗುಡ್ಡ ಹತ್ತುವುದುಂಟಾ?"

ನಾನು ದೋಣಿಯ ತಳದ ನೀರು ಎತ್ತಿಹಾಕತೊಡಗಿದೆ.

"ದಡದಲ್ಲಿ ಎಷ್ಟು ಟವರು ಉಂಟು?"

"ಎರಡು, ಮಾವ."

"ನನಗೆ ಒಂದೇ ಕಂಡದ್ದು" ಎಂದರು.

ಅಷ್ಟು ಸಣ್ಣ ಸ್ವರವನ್ನು ನಾನು ಅವರಿಂದ ಕೇಳಿರಲಿಲ್ಲ. ಸಿಲುವಯ್ಯನ್ ತಡೆಯಲಾರದೆ ಎಲ್ಲವನ್ನೂ ಬಾಯಿಬಿಟ್ಟ. ಹಿಂದಿನ ಸಂಜೆ ನಮ್ಮನ್ನು ಬಸ್ಸು ಹತ್ತಿಸಿದ ಮೇಲೆ ಸಿಲುವಯ್ಯನ್ ಹೆಂಡತಿಯ ತಮ್ಮನನ್ನು ಕರೆದುಕೊಂಡು, ಬೆಳಕು ಮುಗಿಯುವ ಮೊದಲು ಮತ್ತೆ ಕಡಲಿಗೆ ಬಂದು, ಹದಿನೆಂಟು ಬೋನುಗಳನ್ನೂ ಎತ್ತಿ ಬಂಡೆಯ ಮೇಲಕ್ಕೆ ಸಾಗಿಸಿದ್ದ. ಇದೇ ಮೊದಲ ಸಲವೂ ಅಲ್ಲ. "ಎಷ್ಟು ದಿನದಿಂದ ಗೊತ್ತು ನಿನಗೆ?" ಎಂದು ಮಾವ ಮಲಯಾಳದಲ್ಲಿ ಕೇಳಿದರು. ಅವನು ಅಪರಾಧಿಯಂತೆ ತಲೆತಗ್ಗಿಸಿ, "ರಂಡು ಕೊಲ್ಲಮಾಯಿ ಸಾರೇ" ಎಂದ. ಎರಡು ವರ್ಷ! ಇವರು ಡಾಕ್ಟರ ಬಳಿ ಹೋಗುವುದಕ್ಕೂ ಮೊದಲೇ.

"ಗೊತ್ತಿದ್ದೂ ಈ ದೋಣಿ ಹತ್ತಿದೆಯಾ? ನಿನಗೆ ಮನೆಯಿಲ್ಲವಾ, ಮಕ್ಕಳಿಲ್ಲವಾ?"

"ಹೇಳಿದ್ದರೆ ಸಾರ್ ಬರುವುದನ್ನೇ ಬಿಡುತ್ತಿದ್ದಿರಿ. ಬಿಟ್ಟು ಎಲ್ಲಿಗೆ ಹೋಗುತ್ತಿದ್ದಿರಿ?"

ಮಾವ ಬೋನನ್ನು ಮಡಿಲಿನಿಂದ ಕೆಳಗಿಟ್ಟರು. ಅವರು ಸಿಟ್ಟಾಗುತ್ತಾರೆ, ಇಲ್ಲವೇ ಇನ್ನು ದಡಕ್ಕೆ ಹೋಗುವ, ಮುಗಿಯಿತು ಎನ್ನುತ್ತಾರೆ ಎಂದು ನಾನು ಕಾದೆ. ಅವರು ಬೇಡಿದ ಆ ಒಂದು ಬೇಸಗೆ ಅಲ್ಲಿಗೆ ಮುಗಿದಂತೆಯೇ ಇತ್ತು. ಅವರು ಎದ್ದರು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಮಡಿಸಿ ಹಲಗೆಯ ಮೇಲಿಟ್ಟರು. ಹತ್ತು ವರ್ಷ ಯಾರಿಗೂ ಬಿಟ್ಟುಕೊಡದ ಎಂಜಿನ್ನಿನ ಪಕ್ಕದ ಜಾಗದಿಂದ, ದೋಣಿಯ ಅಂಚನ್ನು ತಡವುತ್ತ ಮುಂದಕ್ಕೆ ಬಂದು, ಸಿಲುವಯ್ಯನ ಭುಜ ಹಿಡಿದು ನಿಂತರು.

"ಹಿಂದೆ ಹೋಗಿ ಕೂತುಕೋ. ಇನ್ನು ನಡೆಸುವವ ನೀನು. ಹಗ್ಗ ಎಳೆಯಲಿಕ್ಕೆ ಕಣ್ಣು ಬೇಡ, ಅದು ನನಗಿರಲಿ."

ಸಿಲುವಯ್ಯನ್ ಒಪ್ಪದೆ ನನ್ನ ಮುಖ ನೋಡಿದ. ಮಾವನೇ ಅವನನ್ನು ನೂಕಿ ಕಳಿಸಿದರು. ಉಳಿದ ಹದಿನೇಳು ಬೋನನ್ನೂ ಆ ಬೆಳಗ್ಗೆ ಅವರೇ ಎತ್ತಿದರು. ನಾನು ಸಹಾಯಕ್ಕೆ ಕೈ ಹಾಕಿದರೆ ಮೊಣಕೈಯಿಂದ ತಿವಿದರು.

ಅತ್ತೆಗೂ ಅಂದೇ ಹೇಳಿದರು. ಬಾವಿಕಟ್ಟೆಯಿಂದ ಒದ್ದೆ ತಲೆಯಲ್ಲೇ ಬಂದು, ಹೊಸ್ತಿಲಾಚೆ ನಿಂತು, ಪಾಠ ಒಪ್ಪಿಸುವವರಂತೆ ಎಲ್ಲವನ್ನೂ ಹೇಳಿ ಮುಗಿಸಿದರು. ಸುಮಿತ್ರತ್ತೆ ಅವರಿಗೆ ಏನೂ ಅನ್ನಲಿಲ್ಲ. ಬೈಗುಳವೆಲ್ಲ ನನ್ನ ಪಾಲಿಗೆ. "ಸೊಂಟನೋವಂತೆ ಸೊಂಟನೋವು! ನಿನ್ನ ಸೊಂಟ ಮುರಿಯ" ಎಂದು ಸೌಟು ಎತ್ತಿದವರು, ಹಾಗೆಯೇ ಅದನ್ನು ಹಿಡಿದುಕೊಂಡು ಅತ್ತರು. ರಾತ್ರಿಯ ಹನಿಯನ್ನು ಅಂದಿನಿಂದ ಅವರೇ ಹಾಕತೊಡಗಿದರು. ಮಾವ ಮಳೆಗಾಲದವರೆಗೂ ಹೋದರು, ಮುಂದಿನ ಬೇಸಗೆಯೂ ಹೋದರು, ಅದರ ಮುಂದಿನದೂ. ಹಗ್ಗದಾಳಾಗಿ. ಅವರ ಹೊಸ ನಾಯಕ ನಡೆಸುವುದರಲ್ಲಿ ಏನೇನೂ ಸಾಲದೆಂದು ನನಗೆ ಫೋನಿನಲ್ಲಿ ದೂರು ಬರುತ್ತಲೇ ಇತ್ತು.

ನಮ್ಮಲ್ಲಿ ಕೈಹಿಡಿದು ನಡೆಸಿದವರ ಕಥೆಗಳಿಗೆ ಬರವಿಲ್ಲ, ಅವರನ್ನು ಕೊಂಡಾಡುವ ನಾಲಿಗೆಗಳಿಗೂ ಇಲ್ಲ. ತಮ್ಮನ್ನು ಇನ್ನೊಬ್ಬರು ಇಷ್ಟು ಕಾಲ ಸದ್ದಿಲ್ಲದೆ ಹಿಡಿದಿದ್ದರೆಂದು ಒಂದು ಬೆಳಗ್ಗೆ ತಿಳಿದಾಗ, ಅವಮಾನವೆಂದು ಕೊಡವಿಕೊಳ್ಳದೆ, ಉಪಕಾರವೆಂದು ಕುಗ್ಗದೆ, ಎದ್ದು ಜಾಗ ಬದಲಿಸಿ ತಮ್ಮಿಂದಾಗುವ ಕೆಲಸಕ್ಕೆ ಕೈ ಹಾಕುವವರು ಮಾತ್ರ ಕಡಿಮೆ. ಅವರು ಹಠಮಾರಿಗಳಾಗಿರುತ್ತಾರೆ, ಸುಳ್ಳನ್ನೂ ಹೇಳುತ್ತಾರೆ, ಮುಚ್ಚಿಡಬಾರದ್ದನ್ನು ಮುಚ್ಚಿಟ್ಟು ಪ್ರೀತಿಸುವವರ ಪ್ರಾಣ ಹಿಂಡುತ್ತಾರೆ. ಆದರೆ ಆ ಒಂದು ಬೆಳಗ್ಗೆ ಅವರು ಎದ್ದು ನಿಲ್ಲುವುದನ್ನು ಹತ್ತಿರದಿಂದ ಕಂಡವರಿಗೆ, ಮುಂದೆ ತಮ್ಮ ಸರದಿ ಬಂದಾಗ, ಏಳುವುದು ಅಷ್ಟೊಂದು ಕಷ್ಟವೆನಿಸಲಿಕ್ಕಿಲ್ಲ.