ಮೂರನೇ ಹಾಡಿಗೆ ನವಿಲು

‘ಚಟ್ಟ’ ಎಂಬ ಹೆಸರಿನ ಬ್ಯಾಂಡೊಂದು ತುಮಕೂರಿನಲ್ಲಿದೆ ಎಂದರೆ ತುಮಕೂರಿನವರೇ ನಂಬುವುದಿಲ್ಲ. ಅವರು ನುಡಿಸುವುದು ಡೆತ್ ಮೆಟಲ್. ಅಂದರೆ ಗಿಟಾರು ಗರಗಸದ ಹಾಗೆ ಕೊಯ್ಯಬೇಕು, ಡ್ರಮ್ಮು ಉಸಿರು ಬಿಡದೆ ಬಡಿಯಬೇಕು, ಹಾಡುವವನು ಹೊಟ್ಟೆಯ ತಳದಿಂದ ಗುಡುಗಬೇಕು. ಉಪ್ಪಾರಹಳ್ಳಿಯ ಅಭಿರಾಮನದು ಗಿಟಾರು, ಗುಬ್ಬಿಯ ಶಮಂತನದು ಡ್ರಮ್ಮು, ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯ ರೈತ ಲಕ್ಷ್ಮೀಕಾಂತನದು ಗಂಟಲು. ಅಭಿರಾಮ ಪಿಯು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಆ ಕಾಯಿಲೆ ಹಾಡಿಗೂ ಅಂಟಿತ್ತು. ಹೊಸ ಆಲ್ಬಮ್ಮಿಗೆ ‘ತೂಬು’ ಎಂದು ಹೆಸರಿಟ್ಟು, ತಾಳವನ್ನು ಏಳರಲ್ಲಿ ಶುರು ಮಾಡಿ, ಹನ್ನೊಂದಕ್ಕೆ ಜಾರಿಸಿ, ಆಮೇಲೆ ಎಲ್ಲೆಲ್ಲೋ ಸುತ್ತಿಸಿದ್ದ. ಕೊನೆಗೆ ಎಲ್ಲಿಗೆ ಬಂದು ನಿಂತೆವು ಎಂದು ನುಡಿಸಿದ ಶಮಂತನೇ ಕೇಳಬೇಕಾಯಿತು.

ಆಲ್ಬಮ್ ನೆಟ್ಟಿಗೆ ಹೋಗಿದ್ದೇ ತಡ, ಅಭಿಪ್ರಾಯಗಳು ಬರತೊಡಗಿದವು. ಪೋಲೆಂಡಿನವನೊಬ್ಬ ಇದನ್ನು ಕೇಳುವುದಕ್ಕೆ ನಕ್ಷೆ ಬೇಕು ಎಂದು ಬರೆದ. ಬ್ರೆಜಿಲಿನ ಹೆಂಗಸೊಬ್ಬಳು ವಾರವಿಡೀ ಕೇಳಿದೆ, ಏನೂ ಅರ್ಥವಾಗಲಿಲ್ಲ, ಹತ್ತಕ್ಕೆ ಒಂಬತ್ತು ಎಂದಳು. ಅಭಿರಾಮನ ಮನೆಯಲ್ಲಿ ಅಮ್ಮ ಕೌಸಲ್ಯ ಮೊದಲ ಹಾಡು ಶುರುವಾದ ಕೂಡಲೇ ಅಡುಗೆಮನೆಗೆ ಓಡಿ ಮಿಕ್ಸಿಯ ಪ್ಲಗ್ ಕಿತ್ತರು. ಅಪ್ಪ ವೆಂಕಟೇಶಯ್ಯ ಕನ್ನಡಕ ಹಾಕಿಕೊಂಡು, ಕೈಕಟ್ಟಿ ಕೂತು, ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ, ಹಾಡಿದ ಆ ಹುಡುಗನಿಗೆ ಈಗ ಹೇಗಿದೆ ಎಂದು ವಿಚಾರಿಸಿದರು. ಗುಬ್ಬಿಯಲ್ಲಿ ಶಮಂತನ ಬೀದಿಯವರು ಬೋರ್‌ವೆಲ್ ಲಾರಿ ಹುಡುಕಿಕೊಂಡು ಬಂದು, ನೀರು ಬಿತ್ತಾ ಎಂದು ಕೇಳಿ ಹೋದರು.

ಇದಿಷ್ಟೂ ಅಭಿರಾಮನಿಗೆ ಸಂತೋಷವೇ. ಆದರೆ ಹಾಡಿದ ಲಕ್ಷ್ಮೀಕಾಂತ ಮಾತ್ರ ತುಟಿ ಬಿಚ್ಚಿರಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಅದು ಅಭಿರಾಮನ ನಿದ್ದೆ ಕೆಡಿಸಿತ್ತು.

ಕೆಡದೆ ಏನು ಮಾಡೀತು? ಮಾಡಿದ ಕೆಲಸವೇ ಹಾಗಿತ್ತು. ಮೂರನೇ ಹಾಡಿನ ರೆಕಾರ್ಡಿಂಗ್ ಹೊತ್ತಿಗೆ ಸರಿಯಾಗಿ ಮಾರ್ಕೋನಹಳ್ಳಿ ನಾಲೆಗೆ ನೀರು ಬಿಟ್ಟರು. ಗದ್ದೆ ಬಿಟ್ಟು ಬರುವುದಕ್ಕಾಗುವುದಿಲ್ಲ, ಮುಂದಿನ ವಾರ ಬರುತ್ತೇನೆ ಎಂದು ಲಕ್ಷ್ಮೀಕಾಂತ ಫೋನ್ ಮಾಡಿದ. ಆ ಹಾಡಿಗಾಗಿ ಅವನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡಿದ್ದ. ಒಂದು ವಾರ ಅಂದರೆ ಎಷ್ಟು ಮಹಾ? ಈ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಾನೇ ಮೈಕಿನ ಮುಂದೆ ನಿಂತು ಗುಡುಗಿ, ಕಂಪ್ಯೂಟರಿನಲ್ಲಿ ದನಿಯನ್ನು ದಪ್ಪ ಮಾಡಿ, ಗಾಯನ ಲಕ್ಷ್ಮೀಕಾಂತ್ ಎಂದೇ ಹಾಕಿಬಿಟ್ಟ. ಅವನಿಗೆ ಮಾತ್ರ, ನೀನು ಬರುವುದೇ ಬೇಡ, ಅಭ್ಯಾಸದ ದಿನ ಹಾಡಿದ್ದೇ ಚೆನ್ನಾಗಿ ಬಂದಿದೆ, ಅದನ್ನೇ ಹಾಕಿದೆ ಎಂದು ಸುಳ್ಳು ಹೇಳಿದ. ಆ ಪೋಲೆಂಡಿನವನು ಮೂರನೇ ಹಾಡಿನ ಗಂಟಲನ್ನೇ ಎತ್ತಿ ಹೊಗಳಿದಾಗ ಇವನಿಗೆ ಅನ್ನ ಸೇರದಾಯಿತು. ಗೊತ್ತಾದರೆ ಹೈಸ್ಕೂಲಿನಿಂದ ಇದ್ದ ಸ್ನೇಹ ಅಲ್ಲಿಗೆ ಮುಗಿಯಿತು. ಅವನಿಗೆ ಗೊತ್ತಾಗಿದೆಯೋ ಇಲ್ಲವೋ ನೋಡಿಯೇ ಬಿಡೋಣ ಎಂದು ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ಮಾರ್ಕೋನಹಳ್ಳಿಗೆ ಹೊರಟ.

ಲಕ್ಷ್ಮೀಕಾಂತನಿಗೆ ಆ ಗಂಟಲು ಬಂದದ್ದು ಯಾವ ಗುರುವಿನಿಂದಲೂ ಅಲ್ಲ, ನವಿಲು ಓಡಿಸಿ ಓಡಿಸಿ ಬಂದದ್ದು. ಆ ಕಡೆ ಕಡಲೆಕಾಯಿ ಹಾಕಿದರೆ ಅರ್ಧ ನವಿಲಿನ ಪಾಲು. ಅದಕ್ಕೇ ರೈತರು ತಮ್ಮ ಕೂಗನ್ನು ಒಂದು ಪುಟ್ಟ ಬ್ಯಾಟರಿ ಸ್ಪೀಕರಿಗೆ ತುಂಬಿ ಮರಕ್ಕೆ ನೇತುಹಾಕುತ್ತಾರೆ. ಪಕ್ಕದ ಹೊಲದ ಕೆಂಪಯ್ಯ ಕುಣಿಗಲ್ಲಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರೂ ಅವನ ಬೈಗುಳ ಇಲ್ಲಿ ಬೇವಿನ ಮರದಿಂದ ಕೇಳುತ್ತಲೇ ಇರುತ್ತದೆ. ಯಾರದೋ ದನಿ ತುಂಬಿಸಿದರೆ ಆಗುವುದಿಲ್ಲ, ದಿನಾ ಹೊಲದಲ್ಲಿ ಕೂಗುವವನ ದನಿಗೇ ನವಿಲು ಹೆದರಿ ಏಳುವುದು ಎಂದು ಊರವರ ಅನುಭವ.

ಅಭಿರಾಮ ಹೊಲಕ್ಕೆ ಹೋದಾಗ ಲಕ್ಷ್ಮೀಕಾಂತನೂ ಅವನ ತಾಯಿ ಹನುಮಂತಮ್ಮನೂ ಕಳೆ ತೆಗೆಯುತ್ತಿದ್ದರು. ಹೊಂಗೆ ಮರದ ಸ್ಪೀಕರಿನಿಂದ ‘ತೂಬು’ ಮೊಳಗುತ್ತಿತ್ತು. ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಕೂಡಿಸಿದ ತಾಳಕ್ಕೆ ಕಡಲೆಕಾಯಿ ಕಾಯುವ ಕೆಲಸ. ಬೇಜಾರು ಮಾಡಿಕೊಳ್ಳಬೇಕೋ ಬೇಡವೋ ತಿಳಿಯದೆ, ಆಲ್ಬಮ್ ಹೇಗಿದೆ ಎಂದು ಕೇಳಿದ. ಒಳ್ಳೆ ಕೆಲಸ ಮಾಡುತ್ತಿದೆ, ಹಂದಿಯೂ ಈ ಕಡೆ ತಲೆ ಹಾಕಿಲ್ಲ ಎಂದು ಲಕ್ಷ್ಮೀಕಾಂತ ಬಗ್ಗಿದಲ್ಲಿಂದಲೇ ಉತ್ತರಿಸಿದ. ಅಭಿರಾಮ ಬದುವಿನ ಮೇಲೆ ಕೂತ. ಎರಡನೇ ಹಾಡು ಗುಡುಗುತ್ತಿತ್ತು, ಹೊಲದಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

ಮೂರನೇ ಹಾಡು ಶುರುವಾಯಿತು. ಬದುವಿನಾಚೆ ಒಂದು ನೀಲಿ ಕತ್ತು ಎದ್ದಿತು. ಹಿಂದೆಯೇ ಇನ್ನೆರಡು. ಊಟಕ್ಕೆ ಕರೆಸಿಕೊಂಡವರ ಹಾಗೆ ನಿಧಾನವಾಗಿ ಸಾಲಿಗಿಳಿದು, ಕಾಯಿ ಕೆದಕತೊಡಗಿದವು. ಸ್ಪೀಕರಿನಲ್ಲಿ ಅಭಿರಾಮ ಜೀವ ಹೋಗುವಂತೆ ಅರಚುತ್ತಿದ್ದ. ಒಂದು ನವಿಲಂತೂ ಮರದ ಬುಡಕ್ಕೇ ಬಂದು ಕೆದಕಿತು.

ಲಕ್ಷ್ಮೀಕಾಂತ ಕುಡುಗೋಲು ಕೆಳಗಿಟ್ಟು ಎದ್ದು ನಿಂತ. ಹನ್ನೊಂದನೇ ಏಟು ಬಿದ್ದು ಉಸಿರು ಸಿಗುವ ಜಾಗದಲ್ಲಿ ಬಾಯಿ ತೆರೆದ. ಒಂದು ಪದ ಬಿಡಲಿಲ್ಲ, ಒಂದು ಮಾತ್ರೆ ತಪ್ಪಲಿಲ್ಲ. ನವಿಲುಗಳು ಬಡಬಡನೆ ರೆಕ್ಕೆ ಬಡಿದು ನಾಲೆಯಾಚೆ ಹಾರಿದವು. ಅವು ಹೋದ ಮೇಲೂ ಅವನು ನಿಲ್ಲಿಸದೆ ಹಾಡು ಮುಗಿಸಿದ. ಅಭಿರಾಮನಿಗೆ ನಾಚಿಕೆಯಾಯಿತು. ಹಾಡು ಹೀಗಿರಬೇಕಿತ್ತಲ್ಲ ಎಂದು ದುಃಖವೂ ಆಯಿತು.

“ದಿನಾ ಹಿಂಗೇ ಕಣಪ್ಪ,” ಎಂದರು ಹನುಮಂತಮ್ಮ, ತಲೆ ಎತ್ತದೆ. “ಉಳ್ದ ಹಾಡ್ಗೆಲ್ಲಾ ಮರದ ಮೇಲಿನ್ ಮಿಸನ್ನೇ ಸಾಕು. ಇದೊಂದು ಹಾಡು ಬಂದ್ರೆ ಮಾತ್ರ ಕೆಲ್ಸ ಬುಟ್ಟು ಎದ್ದು ನಿಂತ್ಕಂಡು ಕೂಗ್ತಾನೆ.”

ಅಭಿರಾಮ ಬದುವಿನಿಂದ ಎದ್ದ.

“ಲಕ್ಷ್ಮಿ, ಇದ್ರಲ್ಲಿರೋದು ನಾನು ಕಣೋ.”

“ಗೊತ್ತು ಬುಡು,” ಎಂದು ಲಕ್ಷ್ಮೀಕಾಂತ ಕುಡುಗೋಲು ಎತ್ತಿಕೊಂಡ. “ನವಿಲಿಗೂ ಗೊತ್ತು.”