ತಮ್ಮಣ್ಣನ ಮನೆಯ ತುಪ್ಪ

ಶಿವಬಸವ್ವನಿಗೆ ಪೇಪರಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಇರುವುದಾದರೂ ಹೇಗೆ? ಶೇಂಗಾ ಎಣ್ಣೆ ಕೆಟ್ಟದ್ದು ಎಂದು ಬರೆದು ಮನೆಗೆ ರಿಫೈಂಡ್ ಡಬ್ಬಿ ತರಿಸಿದ್ದು ಅದೇ ಪೇಪರು. ಆಮೇಲೆ ರಿಫೈಂಡೇ ವಿಷ, ಗಾಣದ ಎಣ್ಣೆಯೇ ಅಮೃತ ಎಂದು ಹೊಸ ರಾಗ ತೆಗೆದದ್ದೂ ಅದೇ. ಬರೆಯುವವರಿಗೇನು, ಡಬ್ಬಿ ತಿಕ್ಕಿ ತೊಳೆಯುವವಳು ಇವಳು. ಈಗ ತುಪ್ಪದ ಸರದಿ ಬಂದಿತ್ತು.

ಪಟ್ಟಣದ ಹಿಂದವಾಡಿ ಬಡಾವಣೆಯ ಮನೆಯ ಪಡಸಾಲೆಯಲ್ಲಿ ಅವಳ ಗಂಡ ಬಾಳಾಸಾಹೇಬ ಪೇಪರು ಹಿಡಿದು ಕುಣಿಯುವುದೊಂದು ಬಾಕಿ. ಕಳೆದ ದೀಪಾವಳಿಯಲ್ಲಿ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿ, ಸ್ಟೆಂಟ್ ಹಾಕಿಸಿಕೊಂಡು ಬಂದ ಮನುಷ್ಯ. ತುಪ್ಪದ ತಂಟೆಗೆ ಹೋಗಬೇಡಿ ಎಂದು ಡಾಕ್ಟರು ತಾಕೀತು ಮಾಡಿ ಕಳಿಸಿದ್ದರು.

"ನೋಡಿಲ್ಲಿ! ಖಾನಾಪುರದ ಹಳ್ಳ್ಯಾಗ ಅಧ್ಯಯನ ಮಾಡ್ಯಾರ. ತುಪ್ಪಾ ಭಾಳ ತಿನ್ನೋರ ಎದಿ ಭಾಳ ಗಟ್ಟಿ ಅಂತ. ಫೋಟೋದಾಗ ಯಾರದಾರ ಹೇಳು? ನಿನ್ನ ತಮ್ಮಾ!"

ಖರೇ, ತಮ್ಮಣ್ಣನೇ. ಎಮ್ಮೆಯ ಪಕ್ಕ ಹಲ್ಲು ಕಿರಿದು ನಿಂತಿದ್ದ. ತವರಿನಲ್ಲಿ ಹೈನ ಇತ್ತು, ನಿಜ. ಆದರೆ ಅವ್ವನ ಕಾಲದಲ್ಲಿ ತುಪ್ಪದ ಗಡಿಗೆ ಕೆಳಗಿಳಿಯುತ್ತಿದ್ದದ್ದು ಹೋಳಿಗೆಯ ದಿನ, ಇಲ್ಲವೇ ಬೀಗರು ಬಂದಾಗ. ತಮ್ಮಣ್ಣ ಯಾವಾಗ ಇಷ್ಟು ದೊಡ್ಡ ತುಪ್ಪದ ಭಕ್ತನಾದ? ಶಿವಬಸವ್ವನಿಗೆ ಅನುಮಾನ ಹುಟ್ಟಿತು. ಹುಟ್ಟಿದ್ದು ಹೋಗಲಿಲ್ಲ.

ಬಾಳಾಸಾಹೇಬನಿಗೆ ಅಂಥ ತಾಪತ್ರಯವಿರಲಿಲ್ಲ. ಅಂದಿನಿಂದ ಬಿಸಿ ಅನ್ನಕ್ಕೆ ತುಪ್ಪ, ರೊಟ್ಟಿಗೆ ತುಪ್ಪ, ಬೇಳೆಗೂ ತುಪ್ಪ. ಒಂದು ಮುಂಜಾನೆ ಮಾಳಿಗೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ನಿಂತ. ಕೆಳಗಿನಿಂದ ನೋಡಿದ ಶಿವಬಸವ್ವ ಓಡಿ ಹೋಗಿ ಅವನ ತೋಳು ಹಿಡಿದಳು.

"ಡಾಕ್ಟರನ್ನರ ಒಂದ ಮಾತ ಕೇಳೂಣು ನಡೀರಿ."

"ಡಾಕ್ಟರಗಿಂತ ವಿಜ್ಞಾನ ದೊಡ್ಡದೈತಿ."

"ಹಂಗಾರ ವಿಜ್ಞಾನದ ಮನೀಗೇ ಹೋಗಿ ಬರೂಣು," ಎಂದಳು ಅವಳು.

ಭಾನುವಾರ ಖಾನಾಪುರದ ಬಸ್ಸು ಹಿಡಿದು ತಮ್ಮಣ್ಣನ ಮನೆಗೆ ಹೋದರು. ತಮ್ಮಣ್ಣನ ಹೆಂಡತಿ ನೀಲವ್ವ ಮೂವರನ್ನೂ ಸಾಲಾಗಿ ಕೂರಿಸಿ ಬಡಿಸಿದಳು. ಬಾಳಾಸಾಹೇಬನ ಅನ್ನದ ಮೇಲೆ ತುಪ್ಪ ಧಾರೆಯಾಗಿ ಇಳಿಯಿತು. ಅವನು ಹೆಂಡತಿಯತ್ತ ಗೆದ್ದವನ ನಗೆ ನಕ್ಕ. ತುಪ್ಪದ ಗಡಿಗೆ ತಮ್ಮಣ್ಣನ ತಾಟನ್ನು ಕಣ್ಣೆತ್ತಿಯೂ ನೋಡದೆ ದಾಟಿ ಶಿವಬಸವ್ವನ ಬಳಿ ಬಂತು. ತಮ್ಮಣ್ಣ ಬರೀ ಸಾರು ಕಲಸಿಕೊಂಡು ಉಣ್ಣುತ್ತಿದ್ದ.

ಅವಳು ನೀರಿನ ನೆಪ ಮಾಡಿ ಅಡುಗೆಮನೆಗೆ ಎದ್ದು ಹೋದಳು.

"ನೀಲವ್ವಾ, ಖರೇ ಹೇಳ. ತಮ್ಮಣ್ಣ ತುಪ್ಪಾ ತಿಂತಾನ?"

"ಎಲ್ಲೀದ್ರಿ ಅಕ್ಕಾರ! ತುಪ್ಪೆಲ್ಲಾ ಶಹಾಪುರದ ಮಿಠಾಯಿ ಅಂಗಡಿಗೆ ಹೋಕ್ಕೈತಿ. ನಮಗ ಮಜ್ಜಿಗಿ."

"ಮತ್ತ ಪೇಪರದಾಗ?"

ನೀಲವ್ವ ದನಿ ಇಳಿಸಿದಳು. "ಅಧ್ಯಯನ ಅಂತ ಓದಿದ ಮಂದಿ ಬಂದಿದ್ರು. ಕನ್ನಡದಾಗೂ ಕೇಳಿದ್ರು, ಮರಾಠ್ಯಾಗೂ ಕೇಳಿದ್ರು, ದಿನಾ ಎಷ್ಟ ತುಪ್ಪಾ ತಿಂತೀರಿ ಅಂತ. ಮನೀಗೆ ಬಂದೋರ ಮುಂದ ತಿನ್ನಂಗಿಲ್ಲ ಅನ್ನಾಕ ಬಾಯಿ ಹೆಂಗ ಬರತೈತ್ರಿ? ಸೌಟಗಟ್ಲೆ ತಿಂತೀವಿ ಅಂದ್ನಿ. ಬಾಜೂ ಮನಿಯಾಕಿ ನನಗಿಂತ ಕಡಿಮಿ ಹೇಳತಾಳೇನು? ಎರಡ ಸೌಟ ಅಂದ್ಲು."

ಶಿವಬಸವ್ವನಿಗೆ ನಗು ಉಕ್ಕಿ ಬಂತು. ನಗುವಿನ ಬೆನ್ನಿಗೇ ಭಯ. ಊರಿಗೆ ಊರೇ ಮರ್ಯಾದೆಗೆ ಹೇಳಿದ ಮಾತು ವಿಜ್ಞಾನವಾಗಿ, ಪೇಪರಾಗಿ, ತುಪ್ಪವಾಗಿ ತನ್ನ ಗಂಡನ ಎದೆಗೇ ಇಳಿಯುತ್ತಿತ್ತಲ್ಲ! ಆ ಓದಿದ ಮಂದಿ ಒಂದು ಸಲ ಅಡುಗೆಮನೆಗೆ ಇಣುಕಿದ್ದರೆ ಸಾಕಿತ್ತು.

"ನಿಮ್ಮ ಮನಿಯವರ ಮುಂದ ಹೇಳಬ್ಯಾಡ್ರಿ," ನೀಲವ್ವ ಅವಳ ಕೈ ಹಿಡಿದಳು. "ಮನಿ ಮಾನಾ ಹೋಕ್ಕೈತಿ."

ಅದು ಶಿವಬಸವ್ವನ ಮಾನವೂ ಹೌದು. ತವರಿನ ಬಡತನವನ್ನು ಗಂಡನ ಮುಂದೆ ಯಾವ ಹೆಣ್ಣು ಬಿಚ್ಚಿಡುತ್ತಾಳೆ? ಹೇಳದಿದ್ದರೆ ಗಂಡನ ಜೀವ. ಅವಳು ತಂಬಿಗೆಗೆ ನೀರು ತುಂಬಿಕೊಂಡಳು.

"ನೀಲವ್ವಾ, ಇನ್ನೊಂದ ಸೌಟ ಬರಲಿ!" ಹೊರಗಿನಿಂದ ಬಾಳಾಸಾಹೇಬ ಕೂಗಿದ.

ಶಿವಬಸವ್ವ ತಂಬಿಗೆ ಇಟ್ಟು ತುಪ್ಪದ ಗಡಿಗೆಯನ್ನು ತಾನೇ ಎತ್ತಿಕೊಂಡಳು. ಗಂಡ ತಾಟು ಮುಂದೆ ಸರಿಸಿದ. ಅವನನ್ನು ದಾಟಿ ತಮ್ಮನ ಮುಂದೆ ಬಗ್ಗಿದಳು. ತುಂಬಿದ ಸೌಟನ್ನು ಅವನ ಅನ್ನದ ಮೇಲೆ ಬೋರಲು ಹಾಕಿ, ಇನ್ನೊಂದು ಸೌಟು ಎತ್ತಿದಳು.

ತಮ್ಮಣ್ಣ ಬೆಚ್ಚಿಬಿದ್ದು ಎರಡೂ ಕೈಗಳನ್ನು ತಾಟಿಗೆ ಅಡ್ಡ ಹಿಡಿದ. "ಏ ಅಕ್ಕಾ, ಏನ್ ಮಾಡಾಕತ್ತಿ? ಇದ ಅಂಗಡೀಗೆ ಕೊಡೋದೈತಿ!"

ಬಾಳಾಸಾಹೇಬನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಡುಗೆಮನೆಯ ಬಾಗಿಲಲ್ಲಿ ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಯಿ ತಪ್ಪಿ ಆಡಿದ್ದು ಏನೆಂದು ತಮ್ಮಣ್ಣನಿಗೂ ತಿಳಿಯಿತು. ಅವನು ಯಾರ ಮುಖವನ್ನೂ ನೋಡಲಿಲ್ಲ. ಬಿದ್ದ ತುಪ್ಪ ತಿರುಗಿ ಗಡಿಗೆಗೆ ಹೋಗುವಂತಿರಲಿಲ್ಲ. ನಿಧಾನವಾಗಿ ಕಲಸಿ ಒಂದು ತುತ್ತು ಬಾಯಿಗಿಟ್ಟ. ಕಣ್ಣುಗಳು ತಾವಾಗಿ ಮುಚ್ಚಿಕೊಂಡವು.

"ಹಬ್ಬ ಆದ ಮ್ಯಾಲ ಇವತ್ತ ನೋಡ್ರಿ ಮಾವಾರ, ಇದರ ರುಚಿ ಕಂಡಿದ್ದು," ಎಂದ.

ಬಾಳಾಸಾಹೇಬ ತನ್ನ ತಾಟಿನ ಅಂಚಿಗೆ ನಿಂತ ತುಪ್ಪವನ್ನೇ ನೋಡಿದ. ಆಮೇಲೆ ಬಾಗಿಲಿನತ್ತ ತಿರುಗಿದ.

"ನೀಲವ್ವಾ, ನೀವು ದಿನಾ ಉಣ್ಣೋದು ಏನೈತಿ, ಅದನ್ನ ತಗೊಂಡ ಬಾರವಾ."

ನೀಲವ್ವ ಒಂದು ಗಳಿಗೆ ಶಿವಬಸವ್ವನ ಮುಖ ನೋಡಿದಳು. ಶಿವಬಸವ್ವ ತಲೆಯಾಡಿಸಿದ ಮೇಲೆ ಒಳಗೆ ಹೋಗಿ, ನೀರಿನಷ್ಟು ತೆಳ್ಳಗಿನ ಮಜ್ಜಿಗೆಯನ್ನು ತಂದು ಅವನ ಮುಂದಿಟ್ಟಳು.