ಜೋಡಿಯಣ್ಣನ ಪುಟ್ಟ ಕನ್ನಡಿ

ಜೋಡಿಯಣ್ಣ ಒಂದೇ ಕೈಯಲ್ಲಿ ಭಾರ ಹೊತ್ತದ್ದನ್ನು ಆ ದಿನದವರೆಗೆ ನಾನು ಕಂಡಿರಲಿಲ್ಲ. ಅಂಗಡಿಯ ಈ ಮೂಲೆಯಿಂದ ಆ ಮೂಲೆಗೆ ಒಂದು ಸಿಲಿಂಡರ್ ಸಾಗಿಸಬೇಕಿದ್ದರೂ ಇನ್ನೊಂದನ್ನು ಸುಮ್ಮನೆ ಜೊತೆಗೆತ್ತಿಕೊಂಡು, ಎಡಬಲಕ್ಕೆ ಸಮನಾಗಿ ತೂಗುತ್ತ, ಮಂದಗತಿಯಲ್ಲಿ ನಡೆಯುತ್ತಿದ್ದರು. ಹೆಸರು ಅಂಟಿಕೊಂಡದ್ದು ಆ ನಡಿಗೆಯಿಂದಲೇ. ನೀರು ತುಂಬಿದ ಹಳೆಯ ಕಲ್ಲುಗಣಿಯ ದಡದಲ್ಲಿ, ಆಳಕ್ಕಿಳಿಯುವವರಿಗೆ ಉಸಿರಾಟದ ಗಾಳಿ ತುಂಬಿಸಿಕೊಡುವುದು ಅವರ ಕಸುಬು. ಮೊಣಕಾಲು ಮುಟ್ಟುವ ಕ್ಯಾನ್ವಾಸ್ ಕೋಟು; ಅದರ ಎಡಜೇಬಿನಲ್ಲಿ ದಂತವೈದ್ಯರ ಬಳಿ ಇರುವಂಥ ಪುಟ್ಟ ಕನ್ನಡಿ, ಬಲಜೇಬಿನಲ್ಲಿ ಬೆರಳುದ್ದದ ದೀಪ.

ಸಿಲಿಂಡರುಗಳನ್ನು ಬೆನ್ನಿಗೆ ಹೊರದೆ, ಎರಡು ಬಗಲಿಗೂ ಒಂದೊಂದು ಕಟ್ಟಿಕೊಂಡು ಇಕ್ಕಟ್ಟಿನ ಸಂದುಗಳಲ್ಲಿ ಈಜುವ ಗೀಳು ನನಗೆ ಹತ್ತಿದ ಹೊಸತು. ಎಲ್ಲಿಂದಲೋ ಹಳೆಯ ಎರಡನ್ನು ಆರಿಸಿ ತಂದು, ಎರಡೂ ಹಳದಿ ಎಂದು ಬೀಗುತ್ತ ಅವರ ಮುಂದಿಟ್ಟೆ.

"ಬಣ್ಣ ಉಸಿರಾಡ್ತೀರೇನು?" ಎಂದರು.

ಒಂದು ಉಕ್ಕಿನದು, ಇನ್ನೊಂದು ಅಲ್ಯೂಮಿನಿಯಮ್ಮಿನದು ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಗಾಳಿಯನ್ನು ಬಹುಪಾಲು ಬಿಟ್ಟು ಎರಡನ್ನೂ ಸಿಮೆಂಟಿನ ತೊಟ್ಟಿಗಿಳಿಸಿದರು. ಉಕ್ಕಿನದು ತಳ ಹಿಡಿಯಿತು. ಅಲ್ಯೂಮಿನಿಯಮ್ಮಿನದು ಬುಡವೆತ್ತಿ ಮೇಲೆದ್ದಿತು. "ಗಾಳಿ ಮುಗೀತಾ ವಾಪಸ್ ಬರೋವಾಗ ಇದು ಮೇಲಕ್ಕೆಳೆಯುತ್ತೆ, ಅದು ಕೆಳಕ್ಕೆ. ನೀವು ಯಾರ ಮಾತು ಕೇಳ್ತೀರಿ?"

ಅಷ್ಟಕ್ಕೇ ಬಿಡಲಿಲ್ಲ. ಅಲ್ಯೂಮಿನಿಯಮ್ಮಿನದರಲ್ಲಿ ಉಳಿದ ಗಾಳಿಯನ್ನೂ ಬಿಟ್ಟು, ವಾಲ್ವ್ ಬಿಚ್ಚಿ, ಕಂಠದೊಳಗೆ ದೀಪವನ್ನೂ ಕನ್ನಡಿಯನ್ನೂ ಇಳಿಸಿ ಕಣ್ಣು ಕಿರಿದಾಗಿಸಿ ನೋಡಿದವರು, ನನ್ನನ್ನೊಂದು ಮಾತೂ ಕೇಳದೆ ಅದನ್ನು ಡ್ರಿಲ್ಲಿನಡಿ ಇಟ್ಟು ಹೊಟ್ಟೆಗೆ ತೂತು ಕೊರೆದರು. ಕಂಠದಲ್ಲಿ ಬಿರುಕಿದೆಯೆಂದೂ, ಗಾಳಿ ತುಂಬಿಸುವಾಗ ಸಿಡಿದರೆ ಎದುರಿಗಿದ್ದವರು ಉಳಿಯುವುದಿಲ್ಲವೆಂದೂ, ತೂತು ಬಿದ್ದದ್ದನ್ನು ಮರೆತೂ ಯಾರೂ ತುಂಬಿಸಲಾರರೆಂದೂ ಆಮೇಲೆ ಸಾವಕಾಶವಾಗಿ ವಿವರಿಸಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೆಂಚಿನ ಮೇಲೆ ಫಳಫಳ ಹೊಳೆಯುತ್ತಿದ್ದ, ಆಳಕ್ಕಿಳಿಯುವುದನ್ನು ಕಲಿಸುವ ಅವರ ಮಗಳ ಸಿಲಿಂಡರ್ ಜೋಡಿಯನ್ನು ತೋರಿಸಿ, ಚುಚ್ಚಲೆಂದೇ ಕೇಳಿದೆ: "ಅವುಗಳ ಒಳಗೆ ಯಾವಾಗ ನೋಡಿದ್ರಿ?"

"ಅವು ನಾನೇ ಆರಿಸಿದ್ದು," ಎಂದರು. ಆ ಮಾತು ತಮಗೇ ಕೇಳಿಸಿತೆಂಬಂತೆ ಬೆಂಚಿನತ್ತ ತಿರುಗಿದರು. ಆರು ವರ್ಷ, ದಿನವೂ ಗೆಣ್ಣಿನಿಂದ ತಟ್ಟಿ, ಆ ಪರಿಚಿತ ನಾದ ಕೇಳಿ, ತೃಪ್ತಿಯಿಂದ ಗಾಳಿ ತುಂಬಿಸಿದ್ದರೇ ಹೊರತು ಒಮ್ಮೆಯೂ ಬಿಚ್ಚಿರಲಿಲ್ಲ.

ಎರಡರ ಗಾಳಿಯನ್ನೂ ಮೆಲ್ಲಗೆ ಬಿಡತೊಡಗಿದರು. ಆ ಸುಯ್ಲಿಗೆ ಈಜುಡುಪನ್ನು ಸೊಂಟದವರೆಗೆ ಏರಿಸಿಕೊಂಡಿದ್ದ ಮಗಳು ಓಡಿಬಂದು, ನೀರಿಗಿಳಿಯೋ ಹೊತ್ತಿನಲ್ಲಿ ಇದೇನಪ್ಪಾ ಎಂದು ರೇಗಿದಳು. ಮೊದಲನೆಯದು ಚೊಕ್ಕಟವಾಗಿತ್ತು. ಎರಡನೆಯದರೊಳಗೆ ಇಳಿದ ಕನ್ನಡಿ ಒಂದೇ ಕಡೆ ನಿಂತಿತು. ಅವರು ಅದನ್ನು ಮಗಳ ಕೈಗಿಟ್ಟರು. ಅವಳು ನೋಡಿ, ಕನ್ನಡಿಯನ್ನು ನನ್ನತ್ತ ಚಾಚಿದಳು. ನಾನೂ ಬಗ್ಗಿ ನೋಡಿದೆ: ಕೂದಲೆಳೆಯಂಥ ಗೆರೆ, ಕಂಠದ ಅರ್ಧದವರೆಗೆ. ಗೆಲ್ಲಬೇಕೆಂದು ಆಡಿದ ಮಾತು ಹೀಗೆ ನಿಜವಾಗಿತ್ತು.

"ಇವತ್ತು ಬೆಳಿಗ್ಗೇನೂ ನಾನೇ ತುಂಬಿಸಿದ್ದೆ, ಪುಟ್ಟಿ. ನೀನು ಪಕ್ಕದಲ್ಲೇ ನಿಂತಿದ್ದೆ," ಎಂದರು ಜೋಡಿಯಣ್ಣ.

ಡ್ರಿಲ್ ಮತ್ತೊಮ್ಮೆ ಗೊರಗುಟ್ಟಿತು. ಆಮೇಲೆ ಉಳಿದ ಒಂದನ್ನು ಒಳಕೋಣೆಗೊಯ್ಯಲು ಎತ್ತಿಕೊಂಡರು. ಇನ್ನೊಂದು ಕೈ ಅಭ್ಯಾಸಬಲದಿಂದ ತೂತು ಬಿದ್ದದ್ದರತ್ತ ಚಾಚಿ, ಹಿಂದೆ ಸರಿಯಿತು. ಒಂದೇ ಬದಿಯ ಭಾರಕ್ಕೆ ಮೈ ವಾಲಿ, ಅಷ್ಟು ವರ್ಷ ಸವೆಸಿದ ಅದೇ ನೆಲದಲ್ಲಿ ಗೋಡೆ ಹಿಡಿದು ನಡೆದರು.

ಪರರ ಉಸಿರು ಕಾಯುವ ಇಂಥ ಮನುಷ್ಯರು ನಮ್ಮನ್ನು, ನಮ್ಮ ಸರಂಜಾಮನ್ನು ಎಳ್ಳಷ್ಟೂ ನಂಬುವುದಿಲ್ಲ; ನಾವು ಬದುಕಿರುವುದು ಆ ಅಪನಂಬಿಕೆಯಿಂದಲೇ. ಪ್ರಾಣಕ್ಕಿಂತ ಹೆಚ್ಚಾದವರ ಸರಂಜಾಮನ್ನು ಮಾತ್ರ ಅವರು ತಟ್ಟಿ, ನಾದ ಕೇಳಿ, ನಂಬಿಬಿಡುತ್ತಾರೆ.